ಸೂಜಿಯ ಮೇಲಿನ ಸಂಶಯ, ತಾಯಿಯ ಮೇಲಿನ ಆರೋಪ

ದೊಮ್ಮಲೂರಿನ ನಮ್ಮ ಬೀದಿಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬನಿದ್ದಾನೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಪಾತ್ರೆಯ ಮುಚ್ಚಳವೊಂದನ್ನು ನೆಲದ ಮೇಲೆ ತಿರುಗಿಸುತ್ತಾ ಗಂಟೆಗಟ್ಟಲೆ ಕುಳಿತಿರುತ್ತಾನೆ. ಒಂದೂವರೆ ವರ್ಷದವರೆಗೆ ‘ಅಮ್ಮೀ’ ಎನ್ನುತ್ತಿದ್ದವನು ಆ ಮಾತನ್ನೂ ಬಿಟ್ಟ. ಅದು ಆಟಿಸಂ ಎಂದರು ವೈದ್ಯರು. ಮನೆಗೆ ಬಂದ ಬಂಧುಗಳು ಮಾತ್ರ, “ಆ ಸೂಜಿ ಹಾಕಿಸಿದೆಯಲ್ಲಾ, ಅದರಿಂದಲೇ. ಅದರಲ್ಲಿ ಪಾದರಸ ಇರುತ್ತದಂತೆ” ಎಂದು ತಾಯಿಯತ್ತ ಬೊಟ್ಟು ಮಾಡಿದರು. ಈಗ ಆಕೆಯ ಮಡಿಲಲ್ಲಿ ಆರು ತಿಂಗಳ ಹೆಣ್ಣುಮಗುವಿದೆ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಬಳಿಕ ಆ ಮಗುವಿಗೆ ಒಂದು ಲಸಿಕೆಯೂ ಬಿದ್ದಿಲ್ಲ.

ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಒಂದಂಶ ನಿಜವೇ ಆಗಿದೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮುಂತಾದ ಐದು ರೋಗಗಳ ವಿರುದ್ಧ ಸರಕಾರವು ನೀಡುವ ಪೆಂಟಾವೆಲೆಂಟ್ ಲಸಿಕೆ ಹತ್ತು ಮಕ್ಕಳಿಗಾಗುವ ಸೀಸೆಯಲ್ಲಿ ಬರುತ್ತದೆ. ಒಂದೇ ಮುಚ್ಚಳಕ್ಕೆ ಹತ್ತು ಬಾರಿ ಸೂಜಿ ಚುಚ್ಚುವಾಗ ರೋಗಾಣು ಒಳಹೊಕ್ಕರೂ ಬೆಳೆಯದಿರಲೆಂದು ಥಯೋಮರ್ಸಲ್ ಎಂಬ ಸಂರಕ್ಷಕವನ್ನು ಸೇರಿಸುತ್ತಾರೆ. ಅದರ ತೂಕದಲ್ಲಿ ಅರ್ಧದಷ್ಟು ಪಾದರಸ. ಮಗುವಿನ ಮೈಸೇರುವುದು ಸೂಜಿಯೊಂದಕ್ಕೆ ಹೆಚ್ಚೆಂದರೆ 25 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ನಲವತ್ತು ಸಾವಿರದಲ್ಲೊಂದು ಪಾಲು.

ಇಂತಹ ವಸ್ತುವಿನ ಅಗತ್ಯವಾದರೂ ಏನಿತ್ತು? 1928ರ ಜನವರಿಯಲ್ಲಿ ಆಸ್ಟ್ರೇಲಿಯಾದ ಬಂಡಬರ್ಗ್‌ನಲ್ಲಿ ಸಂರಕ್ಷಕವಿಲ್ಲದ ಸೀಸೆಯೊಂದರಿಂದ ಗಂಟಲಮಾರಿಯ ಚುಚ್ಚುಮದ್ದು ಪಡೆದ ಮಕ್ಕಳ ಪೈಕಿ 12 ಮಂದಿ ಸತ್ತರು. ಸೀಸೆಯೊಳಗೆ ರೋಗಾಣು ಬೆಳೆದಿತ್ತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2022ರ ಜನವರಿಯಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಹಸುಳೆಗಳು ಅಸುನೀಗಿದವು. ಸೀಸೆಗಳನ್ನು ಹೋಟೆಲೊಂದರ ಫ್ರಿಜ್‌ನಲ್ಲಿ ಇರಿಸಲಾಗಿತ್ತೆಂಬುದು ಆಗ ಬಯಲಾಯಿತು. ಈ ಲಸಿಕೆಯಲ್ಲಿ ಪಾದರಸವಿಲ್ಲ, ಇರಲೂ ಆಗದು. ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಾಣು. ಸಂರಕ್ಷಕ ಬಿದ್ದರೆ ಅದೇ ಸತ್ತುಹೋಗುತ್ತದೆ. ಆದುದರಿಂದಲೇ ತೆರೆದ ಸೀಸೆಯನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. “ಇನ್ನೂ ನಾಲ್ಕು ಮಕ್ಕಳು ಬರಲಿ, ಗುರುವಾರ ಬನ್ನಿ” ಎಂದು ಆರೋಗ್ಯ ಕೇಂದ್ರದ ಸಿಸ್ಟರ್ ಹೇಳಿದಾಗ ನಮಗೆ ಸಿಟ್ಟು ಬರುತ್ತದೆ. ಕಾರಣ ಇದು.

ಪಾದರಸದಲ್ಲಿಯೂ ಬಗೆಗಳಿವೆ. ಜಪಾನಿನ ಮಿನಮಾಟಾದಲ್ಲಿ ಮೀನಿನ ಮೂಲಕ ಸಾವಿರಾರು ಜನರ ನರಗಳನ್ನು ಹಾಳುಗೆಡವಿದ್ದು ಮಿಥೈಲ್ ಪಾದರಸ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದೂವರೆ ತಿಂಗಳು ಬೇಕು. ಥಯೋಮರ್ಸಲ್‌ನಲ್ಲಿರುವ ಇಥೈಲ್ ಪಾದರಸಕ್ಕೆ ಸುಮಾರು ಒಂದು ವಾರ ಸಾಕು. 1999ರಲ್ಲಿ ಅಮೆರಿಕದವರು ಮೊದಲನೆಯದರ ಅಳತೆಗೋಲಿನಿಂದ ಎರಡನೆಯದನ್ನು ಅಳೆದು, ಮುನ್ನೆಚ್ಚರಿಕೆಯಾಗಿ ಮಕ್ಕಳ ಲಸಿಕೆಗಳಿಂದ ಅದನ್ನು ತೆಗೆಯಲು ಹೇಳಿದರು. 2001ರ ಹೊತ್ತಿಗೆ ಬಹುತೇಕ ತೆಗೆದೂ ಆಯಿತು. ಡೆನ್ಮಾರ್ಕ್ 1992ರಲ್ಲೇ ನಿಲ್ಲಿಸಿತ್ತು. ಪಾದರಸವೇ ಕಾರಣವಾಗಿದ್ದಲ್ಲಿ ಆ ಬಳಿಕ ಆಟಿಸಂ ಇಳಿಯಬೇಕಿತ್ತಲ್ಲವೇ? ಡೆನ್ಮಾರ್ಕ್‌ನಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿಯೂ ಅದು ಏರುತ್ತಲೇ ಹೋಯಿತು. ದಡಾರದ ಲಸಿಕೆಯ ಮೇಲೆ 1998ರಲ್ಲಿ ಕೇವಲ 12 ಮಕ್ಕಳನ್ನು ಮುಂದಿಟ್ಟು ಸಂಶಯ ಬಿತ್ತಿದ ಆಂಡ್ರ್ಯೂ ವೇಕ್‌ಫೀಲ್ಡ್‌ರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಅವರ ಹೆಸರು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಹೋಯಿತು.

ಹಾಗಾದರೆ ಆ ಬಾಲಕನ ಮಾತು ನಿಂತದ್ದು ಸೂಜಿಯ ಬೆನ್ನಿಗೇ ಏಕೆ? ದಡಾರದ ಎರಡನೆಯ ಡೋಸ್ ಹಾಕುವುದು 16ರಿಂದ 24 ತಿಂಗಳ ನಡುವೆ. ಆಟಿಸಂನ ಲಕ್ಷಣಗಳು ಮನೆಯವರ ಕಣ್ಣಿಗೆ ಬೀಳುವುದೂ ಸಾಮಾನ್ಯವಾಗಿ ಅದೇ ವಯಸ್ಸಿನಲ್ಲಿ. ಸೂಜಿ ಹಾಕಿಸದ ಮಕ್ಕಳಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ.

2025ರ ಜುಲೈನಲ್ಲಿ ಅಮೆರಿಕದ ಆರೋಗ್ಯ ಸಚಿವ ರಾಬರ್ಟ್ ಕೆನಡಿಯವರು ಫ್ಲೂ ಲಸಿಕೆಯಿಂದಲೂ ಥಯೋಮರ್ಸಲ್ ತೆಗೆಯಲು ಸಹಿ ಹಾಕಿದ್ದನ್ನು ಕೆಲವರು ಪುರಾವೆಯೆಂಬಂತೆ ಎತ್ತಿ ತೋರಿಸುತ್ತಾರೆ. ಸಚಿವರ ಸಹಿ ವಿಜ್ಞಾನದ ತೀರ್ಪೇನಲ್ಲ. ಮಗುವಿಗೊಂದು ಸೀಸೆ ಒದಗಿಸುವುದು ಶ್ರೀಮಂತ ದೇಶಕ್ಕೆ ಕಷ್ಟವೂ ಅಲ್ಲ. ಪಾದರಸವನ್ನು ಜಗತ್ತಿನಿಂದಲೇ ಹೊರಗಿಡಲು 2013ರಲ್ಲಿ ರೂಪುಗೊಂಡ ಮಿನಮಾಟಾ ಒಪ್ಪಂದವು ಲಸಿಕೆಗಳಿಗೆ ವಿನಾಯಿತಿ ಕೊಟ್ಟಿತು ಎಂಬುದನ್ನು ಅವರು ಹೇಳುವುದಿಲ್ಲ.

ನಮ್ಮ ಸಮುದಾಯದ ಸಂಶಯಕ್ಕೆ ಬೇರೆ ಬೇರುಗಳೂ ಇವೆ. 2011ರಲ್ಲಿ ಪಾಕಿಸ್ತಾನದ ಅಬ್ಬೊಟಾಬಾದ್‌ನಲ್ಲಿ ಅಮೆರಿಕದ ಗೂಢಚಾರ ಸಂಸ್ಥೆಯು ಲಸಿಕೆಯ ಸೋಗಿನಲ್ಲಿ ಬೇಹುಗಾರಿಕೆ ನಡೆಸಿದ್ದು ಸುಳ್ಳಲ್ಲ. ಅಂತಹ ದ್ರೋಹದ ಬೆಲೆಯನ್ನು ತೆರುವವರು ಬಡವರ ಮಕ್ಕಳು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಆರಂಭವಾದಾಗ ಮೊಬೈಲಿನಲ್ಲಿ ಏನೆಲ್ಲ ಹರಿದಾಡಿತೆಂಬುದು ನೆನಪಿರಬಹುದು. ಸುದ್ದಿ ಬಂದಾಗ ಪರಿಶೀಲಿಸಬೇಕೆಂಬ ಪಾಠ ನಮಗೆ ಹೊಸದೇ? ಅದೇ ಅಪನಂಬಿಕೆಯ ನಡುವೆಯೂ ಉತ್ತರ ಪ್ರದೇಶದಲ್ಲಿ ಉಲೆಮಾಗಳು ಮುಂದೆ ಬಂದು, ಮಸೀದಿಗಳ ಮೈಕಿನಲ್ಲಿ ಕರೆ ನೀಡಿ ಪೋಲಿಯೊ ಹನಿ ಹಾಕಿಸಿದರು. 2011ರ ಜನವರಿಯ ಬಳಿಕ ದೇಶದಲ್ಲಿ ಕಾಡು ಪೋಲಿಯೊ ಕಂಡಿಲ್ಲ. ಇನ್ನೊಂದೆಡೆ 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತಾಗ, ಅವರಲ್ಲಿ ಹೆಚ್ಚಿನವರು ಲಸಿಕೆ ಪೂರ್ತಿಯಾಗದವರು.

ಇನ್ನು ಆ ಬಾಲಕನ ಮಾತು. ಎರಡು ವರ್ಷ ತಾಯತ, ದರ್ಗಾಗಳ ಸುತ್ತಾಟದಲ್ಲಿ, ಅತ್ತೆ-ನಾದಿನಿಯರ ದೂಷಣೆಯಲ್ಲಿ ಕಳೆದುಹೋದವು. ಬೇಗ ಆರಂಭಿಸಿದಷ್ಟೂ ಫಲ ಕೊಡುವ ತರಬೇತಿಯ ಕಾಲ ಅದು. ನಿಮ್ಹಾನ್ಸ್ ಇದೇ ನಗರದಲ್ಲಿದೆ. ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಪಕ್ಕದ ಇಂದಿರಾನಗರದಲ್ಲಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಆಟಿಸಂ ಅನ್ನು ಅಂಗವೈಕಲ್ಯವೆಂದು ಗುರುತಿಸಿದೆ. ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗಿನ ಆರೋಗ್ಯ ವಿಮೆಯಿದೆ, ಚಿಕಿತ್ಸಾ ತರಬೇತಿಯ ವೆಚ್ಚವೂ ಅದರಲ್ಲಿ ಸೇರಿದೆ. ಇವುಗಳ ಅರ್ಜಿ ತುಂಬಿಕೊಡುವ ಒಂದು ಮೇಜನ್ನು ಜುಮಾ ದಿನ ನಮ್ಮ ಮಸೀದಿಗಳ ಅಂಗಳದಲ್ಲಿ ಇಡಲು ಜಮಾಅತ್‌ಗಳಿಗೇನು ಅಡ್ಡಿ? ಉರ್ದು ಬಲ್ಲ ತರಬೇತುದಾರರು ವಾರಕ್ಕೊಮ್ಮೆಯಾದರೂ ನಗರದ ಆರೋಗ್ಯ ಕೇಂದ್ರಗಳಿಗೆ ಬರಲೆಂದು ಸರಕಾರವನ್ನು ಕೇಳಲು ನಾವೇಕೆ ಹಿಂಜರಿಯಬೇಕು? ಸೀಸೆ ತೆರೆದದ್ದು ಎಷ್ಟು ಹೊತ್ತಿಗೆ ಎಂದು ಕೇಳುವ ಹಕ್ಕೂ ಪ್ರತಿಯೊಬ್ಬ ತಾಯಿಗಿದೆ.

ಆ ಹೆಣ್ಣುಮಗುವಿಗೆ ತಡವಾಗಿದೆಯಾದರೂ ಕಾಲ ಮೀರಿಲ್ಲ. ಪೆಂಟಾವೆಲೆಂಟ್‌ನ ಮೊದಲ ಡೋಸನ್ನು ಒಂದು ವರ್ಷ ತುಂಬುವವರೆಗೂ ಆರಂಭಿಸಬಹುದು, ಮುಂದಿನವನ್ನು ನಾಲ್ಕು ವಾರಗಳ ಅಂತರದಲ್ಲಿ. ಬರುವ ಗುರುವಾರ ಕರೆದೊಯ್ಯುವೆನೆಂದು ಪಕ್ಕದ ಮನೆಯ ಖಾಲಾ ಒಪ್ಪಿಕೊಂಡಿದ್ದಾರೆ.