ಸಿಂಗಾಪುರದ ಡ್ಯೂಟಿ ಡೈರಿ – 23: ಪಬ್ ಬೇಕು, ನಿದ್ದೆಯೂ ಬೇಕು

ಇಂದಿರಾನಗರದ ಪಬ್‌ಗಳ ಜಗಳ ನಮ್ಮ ಗುಂಪಿನಲ್ಲಿ ಮತ್ತೆ ಶುರುವಾಗಿದೆ. ಕೆಲವರು "ನಿದ್ದೆ ಬೇಕು" ಅಂತೀರಿ, ಕೆಲವರು "ಹುಡುಗರಿಗೆ ಕೆಲಸ ಬೇಕು" ಅಂತೀರಿ. ಎರಡೂ ನಿಜ. ಆದರೆ ನಾನು ನಿದ್ದೆಯ ಕಡೆ.

ನೈಟ್ ಡ್ಯೂಟಿಯಲ್ಲಿ ನೋಡ್ತಾನೇ ಇರ್ತೀನಿ. ನಿದ್ದೆಗೆಟ್ಟ ರೋಗಿಗೆ ನೋವು ಜಾಸ್ತಿ, ವಯಸ್ಸಾದವರಿಗೆ ಎಲ್ಲಿದ್ದೀವಿ ಅನ್ನೋದೇ ಮರೆತುಹೋಗುತ್ತೆ. ಮನೆಯಲ್ಲಿ ಮಲಗಿರೋ ಅಜ್ಜಿಯ ದೇಹವೂ ಅಂಥದ್ದೇ ಅಲ್ವಾ?

ಇಲ್ಲಿ 2015ರ ಏಪ್ರಿಲ್‌ನಿಂದ ರಾತ್ರಿ 10.30ರಿಂದ ಬೆಳಿಗ್ಗೆ 7ರವರೆಗೆ ಸಾರ್ವಜನಿಕ ಜಾಗದಲ್ಲಿ ಕುಡಿಯುವಂತಿಲ್ಲ, ಅಂಗಡಿಯಲ್ಲಿ ಪಾರ್ಸೆಲ್ ಕೊಡುವಂತಿಲ್ಲ. ಹಾಗಂತ ಬಾರ್‌ಗಳು ಮುಚ್ಚಿಲ್ಲ. ಲೈಸೆನ್ಸ್ ಇದ್ದಷ್ಟು ಹೊತ್ತು ಒಳಗೆ ವ್ಯಾಪಾರ ನಡೆಯುತ್ತೆ.

ನಮ್ಮಲ್ಲೂ ಕಾನೂನಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಎದುರುಬದುರು ಕೂತು ಮಾಮೂಲಾಗಿ ಮಾತಾಡಿದರೇ 60ರ ಹತ್ತಿರ ಹೋಗುತ್ತೆ, ಇನ್ನು ಟೆರೇಸ್ ಮೇಲಿನ ಡಿಜೆ? ಬೆಂಗಳೂರಿನ ಲೈವ್ ಬ್ಯಾಂಡ್‌ಗಳಿಗೆ ಪೊಲೀಸ್ ಲೈಸೆನ್ಸ್ ಬೇಕೆಂಬ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ.

ಹಾಗಾದರೆ ತೊಂದರೆ ಎಲ್ಲಿ? ನಾವು ಬಾಯಿ ಬಿಡೋದು ಪಬ್ ಶುರುವಾದ ಮೇಲೆ. ಅಷ್ಟರಲ್ಲಿ ಮಾಲೀಕರು ಸಾಲ ಮಾಡಿ ದುಡ್ಡು ಹಾಕಿರ್ತಾರೆ, ಹುಡುಗರು ಕೆಲಸಕ್ಕೆ ಸೇರಿರ್ತಾರೆ. ಆಗ ಯಾರು ಗೆದ್ದರೂ ಇನ್ನೊಬ್ಬರ ಹೊಟ್ಟೆಗೋ ನಿದ್ದೆಗೋ ಕುತ್ತು. ಅದಕ್ಕೇ ಲೈಸೆನ್ಸ್ ಕೊಡೋಕೆ ಮುಂಚೆ ಅಕ್ಕಪಕ್ಕದ ಮನೆಯವರನ್ನ ಕೇಳಲಿ. ಹಾಡು ಗೋಡೆಯೊಳಗೇ ಇರಲಿ, ಟೆರೇಸ್‌ಗೆ ಬೇಡ. ಪಾರ್ಕಿಂಗ್ ಎಲ್ಲಿ ಅಂತ ಮೊದಲೇ ತೋರಿಸಲಿ.

ಇದಕ್ಕೆ ಒಪ್ಪದವರು ಕಾಮೆಂಟಿನಲ್ಲಿ ಬೈಯಿರಿ. ನೈಟ್ ಡ್ಯೂಟಿ ಮುಗಿಸಿ ಮಲಗಿ ಎದ್ದಮೇಲೆ ಉತ್ತರ ಕೊಡ್ತೀನಿ.