‘ಗೆಟ್’ನ ಗುಟ್ಟು

ಇಂಗ್ಲಿಷಿನ ಉದ್ದುದ್ದ ಪದಗಳಿಗಿಂತ ಮೂರೇ ಅಕ್ಷರದ ‘ಗೆಟ್’ ನಮ್ಮ ಮಕ್ಕಳನ್ನು ಹೆಚ್ಚು ಕಾಡಿಸುತ್ತದೆ. ‘ಗೆಟ್’ ಎಂದರೆ ‘ಪಡೆ’ ಎಂದು ಕಲಿತಿರುತ್ತಾರೆ. ಆದರೆ ‘ಗೆಟ್ ಅಪ್’ ಎಂದರೆ ಏಳು, ‘ಗೆಟ್ ಓವರ್’ ಎಂದರೆ ಚೇತರಿಸಿಕೊಳ್ಳು, ‘ಗೆಟ್ ಅಲಾಂಗ್’ ಎಂದರೆ ಹೊಂದಿಕೊಂಡು ಹೋಗು. ಇದರಲ್ಲೆಲ್ಲ ‘ಪಡೆ’ ಎಲ್ಲಿದೆ?

ಇದಕ್ಕಾಗಿ ಅನೇಕ ಪೋಷಕರು ಎರಡು ದಾರಿ ಹಿಡಿಯುತ್ತಾರೆ. ಒಂದು, ಪಟ್ಟಿ ಬರೆಸಿ ಬಾಯಿಪಾಠ ಮಾಡಿಸುವುದು. ಇನ್ನೊಂದು, ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷನ್ನೇ ಮಾತನಾಡುವುದು. ಎರಡೂ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ‘ಹಿಡಿ’ಯನ್ನೇ ನೋಡಿ. ಚೆಂಡು ಹಿಡಿಯುತ್ತೇವೆ, ಬಸ್ ಹಿಡಿಯುತ್ತೇವೆ. ಮಳೆ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮಗು ಹಟ ಹಿಡಿಯುತ್ತದೆ. ‘ಕೈಹಿಡಿ’ ಎಂದರೆ ಮದುವೆಯಾಗು ಎಂದೂ ಆಗುತ್ತದೆ, ಆಸರೆಯಾಗು ಎಂದೂ ಆಗುತ್ತದೆ. ಇದನ್ನು ನಾವು ಯಾವ ಪಟ್ಟಿಯಿಂದ ಕಲಿತೆವು? ಅಜ್ಜಿ, ಅಮ್ಮಂದಿರ ಮಾತಿನಲ್ಲಿ ಕೇಳಿ ಕೇಳಿ ಕಲಿತೆವು. ಪಕ್ಕದ ಪದವೇ ಅರ್ಥ ಕೊಡುತ್ತದೆ ಎಂಬ ಗುಟ್ಟು ಕನ್ನಡದ ಮಗುವಿಗೆ ಆಗಲೇ ಗೊತ್ತು. ‘ಗೆಟ್’ ವಿಷಯದಲ್ಲೂ ಅಷ್ಟೇ.

ವಿದ್ಯಾರ್ಥಿಗಳೇ, ‘ಗೆಟ್’ ಪಕ್ಕದಲ್ಲಿ ಗುಣವಾಚಕ ಬಂದರೆ ಅದು ಸಾಮಾನ್ಯವಾಗಿ ನಮ್ಮ ‘ಆಗು’. ‘ಗೆಟ್ ವೆಟ್’ ಒದ್ದೆಯಾಗು, ‘ಗೆಟ್ ರೆಡಿ’ ಸಿದ್ಧವಾಗು, ‘ಗೆಟ್ ಬೆಟರ್’ ಗುಣವಾಗು. ಒಂದು ವ್ಯತ್ಯಾಸ ನೆನಪಿಡಿ. ಕನ್ನಡದಲ್ಲಿ ಹಸಿವು ‘ನನಗೆ’ ಆಗುತ್ತದೆ, ಕೋಪ ‘ನನಗೆ’ ಬರುತ್ತದೆ. ಇಂಗ್ಲಿಷಿನಲ್ಲಿ ‘ನಾನು’ ಮುಂದೆ ನಿಲ್ಲಬೇಕು: ‘ಐ ಗಾಟ್ ಹಂಗ್ರಿ’, ‘ಐ ಗಾಟ್ ಆಂಗ್ರಿ’.

ಇನ್ನು ವಾಹನಗಳು. ನಮಗೆ ಎಲ್ಲಕ್ಕೂ ‘ಹತ್ತು’, ‘ಇಳಿ’ ಸಾಕು. ಇಂಗ್ಲಿಷ್ ಇಲ್ಲಿ ಭೇದ ಮಾಡುತ್ತದೆ. ಒಳಗೆ ಎದ್ದು ನಿಂತು ನಡೆದಾಡಬಹುದಾದ ಶಾಲಾ ಬಸ್, ವಿಮಾನ, 2019ರಲ್ಲಿ ಆರಂಭವಾದ ದೋಹಾ ಮೆಟ್ರೊ, ಇವುಗಳಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರು, ಟ್ಯಾಕ್ಸಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ನಮ್ಮ ‘ಇಳಿ’ಯ ಪ್ರಭಾವದಿಂದ ಬಸ್ಸಿಗೂ ಕಾರಿಗೂ ‘ಗೆಟ್ ಡೌನ್’ ಎನ್ನುವ ರೂಢಿ ಭಾರತೀಯರಲ್ಲಿದೆ. ಕನ್ನಡದ ಪಕ್ಕದಲ್ಲಿಟ್ಟು ನೋಡಿದಾಗಲೇ ಈ ತೊಡಕು ಎಲ್ಲಿಂದ ಬಂತೆಂದು ತಿಳಿಯುವುದು.

1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಅರ್ಥಗಳ ಜೊತೆಗೆ ಗಾದೆಗಳೂ ಪ್ರಯೋಗಗಳೂ ಇವೆ. ಜರ್ಮನಿಯಿಂದ ಬಂದು ನಮ್ಮ ಭಾಷೆ ಕಲಿತ ಆ ವಿದ್ವಾಂಸರಿಗೆ ಪದದ ಜೀವ ಬಳಕೆಯಲ್ಲಿದೆ ಎಂದು ತಿಳಿದಿತ್ತು. ನಮ್ಮ ಮಕ್ಕಳೂ ದಿನಕ್ಕೊಂದು ‘ಗೆಟ್’ ವಾಕ್ಯವನ್ನು ತಮ್ಮದೇ ದಿನಚರಿಯಿಂದ ಬರೆಯಲಿ, ಅದರ ಕೆಳಗೆ ಅದೇ ಮಾತನ್ನು ಕನ್ನಡದಲ್ಲಿ ಬರೆಯಲಿ. ಹನಿ ಹನಿಗೂಡಿದರೆ ಹಳ್ಳ.

ಪೋಷಕರೇ, ಕತಾರ್‌ನಲ್ಲಿ ಇಂಗ್ಲಿಷ್ ಮಕ್ಕಳಿಗೆ ಶಾಲೆಯಲ್ಲಿ, ಅಂಗಡಿಯಲ್ಲಿ, ಆಟದ ಮೈದಾನದಲ್ಲಿ ಸಿಗುತ್ತದೆ. ಕನ್ನಡ ಸಿಗುವುದು ಹೆಚ್ಚಾಗಿ ನಿಮ್ಮ ಊಟದ ಮನೆಯಲ್ಲಿ. ಇಂಗ್ಲಿಷಿನ ಕೈಹಿಡಿಯಲು ಕನ್ನಡದ ಕೈಬಿಡಬೇಕಿಲ್ಲ.

– ಭಾಷಾ ಶಿಕ್ಷಕಿ, ಬಿ.ಎ., ಬಿ.ಎಡ್., ಬರ್ವಾ ಅಲ್ ಬರಾಹಾ