ಯಾರ ಹೆಣಕ್ಕೆ ಯಾರ ಹೆಗಲು

ರಾಯಚೂರಿನ ಕಡೆ ಮದುವೆ ಮನೆಯಿರಲಿ, ಸಮುದಾಯ ಭವನದ ಉದ್ಘಾಟನೆಯಿರಲಿ, ಮಗನೋ ಅಳಿಯನೋ ಅಮೆರಿಕದಲ್ಲಿರುವವರ ಬಾಯಿಂದ ಒಂದು ಮಾತು ಬಂದೇ ಬರುತ್ತದೆ: ‘ಅಲ್ಲೇನೈತ್ರಿ? ಸತ್ರ ಹೊರಾಕ ನಾಕು ಮಂದಿ ಸಿಗಂಗಿಲ್ಲ. ನಮ್ಮಾಗ ಇನ್ನೂ ಸಮಾಜ ಅಂಬೋದು ಉಳದೈತಿ.’ ಕೇಳಿದವರು ಹೌದೌದು ಎಂದು ತಲೆಯಾಡಿಸುತ್ತಾರೆ. ಈ ಮಾತಿನ ಮೊದಲರ್ಧದಲ್ಲಿ ಸತ್ಯವಿದೆ. ಎರಡನೆಯ ಅರ್ಧವನ್ನು ನಾನು ಒಪ್ಪಲಾರೆ. ಸಮುದಾಯವೊಂದು ಎಷ್ಟು ಗಟ್ಟಿಯಾಗಿದೆ ಎಂಬುದರಿಂದ ಅದರ ಗುಣ ತಿಳಿಯುವುದಿಲ್ಲ. ಹೊರಗಿನವರು ಅದರೊಳಗೆ ಬರಬಹುದೇ, ಒಳಗಿನವರು ಬೇಡವೆನಿಸಿದಾಗ ಹೊರಬಿದ್ದು ಮರ್ಯಾದೆಯಿಂದ ಬದುಕಬಹುದೇ ಎಂದು ಕೇಳಬೇಕು.

ಅಮೆರಿಕದ ಒಂಟಿತನ ನಮ್ಮವರು ಕಟ್ಟಿದ ಕತೆಯಲ್ಲ. 2023ರಲ್ಲಿ ಆ ದೇಶದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ, ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದವರು, ಅದನ್ನು ಸಾಂಕ್ರಾಮಿಕ ರೋಗವೆಂದೇ ಕರೆದರು. ಅಲ್ಲಿನ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಒಂಟಿತನ ಅನುಭವಿಸಿದ್ದಾರೆ, ನಂಟುಗಳಿಲ್ಲದ ಬದುಕು ದಿನಕ್ಕೆ 15 ಸಿಗರೇಟು ಸೇದಿದಷ್ಟು ಅಪಾಯ ತರಬಲ್ಲದು ಎಂದು ಅವರ ವರದಿ ಎಚ್ಚರಿಸಿತು. ಸಂಘಗಳು, ಕ್ಲಬ್ಬುಗಳು, ಚರ್ಚಿನ ಕೂಟಗಳು ಕರಗಿಹೋದ ಬಗೆಯನ್ನು ಸಮಾಜವಿಜ್ಞಾನಿ ರಾಬರ್ಟ್ ಪಟ್ನಮ್ 2000ದಲ್ಲೇ ‘ಬೌಲಿಂಗ್ ಅಲೋನ್’ ಎಂಬ ಪುಸ್ತಕದಲ್ಲಿ ವಿವರಿಸಿದ್ದರು. ಆದರೆ ಹೀಗೆ ಕರಗಿದ ಸಂಘಗಳು ಹೇಗಿದ್ದವೆಂದೂ ನೋಡಬೇಕಲ್ಲ. ಎಲ್ಕ್ಸ್ ಎಂಬ ದೊಡ್ಡ ಸಂಘ 1973ರ ತನಕ ತನ್ನ ನಿಯಮದಲ್ಲೇ ಕರಿಯರನ್ನು ಹೊರಗಿಟ್ಟಿತ್ತು. ಅದರೊಳಗಿದ್ದ ಬಿಳಿಯನಿಗೆ ಅದು ತುಂಬು ಬಳಗ. ಅದೇ ಊರಿನ ಕರಿಯನಿಗೆ ಮುಚ್ಚಿದ ಬಾಗಿಲು.

ಈಗ ನಮ್ಮ ನಾಲ್ಕು ಹೆಗಲಿಗೆ ಬರೋಣ. ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಯಾರ ಹೆಣಕ್ಕೆ ಯಾರು ಹೆಗಲು ಕೊಡುತ್ತಾರೆ? ಕೇರಿಯ ಹೆಣಕ್ಕೆ ಊರಿನ ಹೆಗಲು ಎಷ್ಟು ಸಲ ಸಿಕ್ಕಿದೆ? ಹೂಳುವ ಜಾಗವೂ ಬೇರೆ, ಅಲ್ಲಿಗೆ ಹೋಗುವ ದಾರಿಯೂ ಬೇರೆ. ಹೊಲದ ಬದುವಿನ ಮೇಲೆ ಹೆಣ ಹೊತ್ತು ಸಾಗಲು ದಾರಿ ಬಿಡಿ ಎಂದು ತಹಶೀಲ್ದಾರರಿಗೆ ಅರ್ಜಿ ಕೊಡಬೇಕಾದ ಜನ ಈ ಸೀಮೆಯಲ್ಲಿದ್ದಾರೆ. 1997ರ ತನಕ ನಮ್ಮದೇ ಜಿಲ್ಲೆಯಲ್ಲಿದ್ದ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ ಅವರಿಗೆ ಪ್ರವೇಶವಿಲ್ಲವೆಂಬ ಹಳೆಯ ಬೇಗುದಿಯೇ ಅದರ ಹಿಂದಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಷ್ಟು ಮಂದಿ ಒಟ್ಟಾಗಿ ನಿಂತಿದ್ದರಲ್ಲ, ಅದೂ ಒಗ್ಗಟ್ಟೇ. ‘ಸಮಾಜ ಉಳದೈತಿ’ ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಜಾತಿ ಸಮಾಜಗಳ ಪರವಾಗಿ ನಾನು ಗೌರವದಿಂದ ಕೇಳುವ ವಾದವೊಂದಿದೆ. ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಆಡಳಿತ, ಉರ್ದುವಿನಲ್ಲೇ ಮೇಲಿನ ಓದು. ಆಗ ಹಳ್ಳಿಯ ಹುಡುಗನಿಗೆ ರಾಯಚೂರಿನಲ್ಲಿ ಅನ್ನ, ಸೂರು ಕೊಟ್ಟು ಓದಲು ಹಚ್ಚಿದ್ದು ಮಠಗಳು, ಸಮಾಜದ ಬೋರ್ಡಿಂಗುಗಳು. ಇವತ್ತಿಗೂ ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋದ ಕುಟುಂಬ ತಗಡಿನ ಶೆಡ್ ಹಾಕಿಕೊಳ್ಳುವುದು ತನ್ನ ಓಣಿಯವರ ಪಕ್ಕದಲ್ಲೇ. ಆಸ್ಪತ್ರೆಗೆ ಕೈಗಡ ಕೊಡುವವರು ಅವರೇ, ತಾಯಿ ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುವವರೂ ಅವರೇ. ದಲಿತರಿಗಂತೂ ಒಟ್ಟಾಗಿ ನಿಲ್ಲುವುದು ಜೀವ ಉಳಿಸಿಕೊಳ್ಳುವ ದಾರಿ. ಸರ್ಕಾರ ಕೈಬಿಟ್ಟಲ್ಲಿ ಬಡವ ತನ್ನವರ ಕೈ ಹಿಡಿಯುತ್ತಾನೆ. ಅದನ್ನು ತಪ್ಪೆನ್ನಲು ನನಗೆ ಅಧಿಕಾರವಿಲ್ಲ. ಆದರೆ ಆ ಆಸರೆಗೆ ತೆರುವ ಬೆಲೆಯೂ ಸಣ್ಣದಲ್ಲ. ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ ದಿನ ಕೈಗಡ ಕೊಟ್ಟ ಅದೇ ಓಣಿ ಬಾಗಿಲು ಹಾಕಿಕೊಳ್ಳುತ್ತದೆ. ಹಿಂದಿನಿಂದ ಬಂದದ್ದು, ಹಾಗೇ ಇರಲಿ ಎನ್ನುವವರಿಗೆ ಉತ್ತರ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಸಮುದ್ರ ದಾಟಿದರೂ ಜಾತಿ ನಮ್ಮನ್ನು ಬಿಡಲಿಲ್ಲ. ಅಮೆರಿಕದಲ್ಲಿ ಕನ್ನಡ ಕೂಟಗಳಿವೆ. ಚಂದಾ ಕೊಟ್ಟರೆ ಯಾರಾದರೂ ಸೇರಬಹುದು. ಪಕ್ಕದಲ್ಲೇ ವೀರಶೈವರಿಗೊಂದು ಸಂಘ, ಹವ್ಯಕರಿಗೊಂದು, ಒಕ್ಕಲಿಗರಿಗೊಂದು. ಹಬ್ಬ ಮಾಡಲಿ, ಮಕ್ಕಳಿಗೆ ವಚನ ಕಲಿಸಲಿ, ಸಂತೋಷ. ಆದರೆ 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಗಿ ಬಂತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಇಂಥದೇ ಮಸೂದೆಗೆ, ಈಗಿರುವ ಕಾನೂನೇ ಸಾಕೆಂದು ಗವರ್ನರ್ ನ್ಯೂಸಮ್ ಅಂಕಿತ ಹಾಕಲಿಲ್ಲ. ಕಾನೂನು ಸಾಕೋ ಬೇಕೋ ಎಂಬುದು ವಕೀಲರ ಚರ್ಚೆ. ಅಂಥ ಕಾನೂನಿನ ಮಾತು ಅಲ್ಲಿ ಹುಟ್ಟಿತಲ್ಲ, ಅದು ನಾವು ಕೊಂಡೊಯ್ದ ‘ಸಮಾಜ’ದ ಗುರುತು.

ಹಾಗಾದರೆ ಬಾಗಿಲು ತೆರೆದ ಸಮುದಾಯ ನಮ್ಮಲ್ಲಿ ಇರಲೇ ಇಲ್ಲವೇ? ಇದೆ, ಮೊಹರಮ್ಮಿನ ಅಲಾಯಿಯಲ್ಲಿದೆ. ಒಂದೇ ಒಂದು ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಪೀರಲ ದೇವರು ಕೂಡುತ್ತವೆ. ಅಲಾಯಿ ಕುಣಿ ತೋಡಿ, ಕಟ್ಟಿಗೆ ಒಟ್ಟಿ ಬೆಂಕಿ ಹಾಕುತ್ತಾರೆ. ನಾಯಕರು, ಕುರುಬರು, ಮಾದಿಗರು, ಲಿಂಗಾಯತರು ಹರಕೆ ಹೊತ್ತು ಫಕೀರರಾಗುತ್ತಾರೆ, ಕೈಗೆ ಲಾಡಿ ಕಟ್ಟಿಕೊಳ್ಳುತ್ತಾರೆ, ಸಕ್ಕರೆ ಓದಿಸುತ್ತಾರೆ. ಕತಲ್ ರಾತ್ರಿ ಹಲಗೆಯ ಬಡಿತಕ್ಕೆ ಇಡೀ ಊರು ಕುಣಿಯುತ್ತದೆ. ಕರ್ಬಲಾದಲ್ಲಿ ಸತ್ತ ಹುಸೇನರ ದುಃಖವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರು ಹಿಂದೂಗಳೇ. ಹರಕೆಯಿಂದ ಹುಟ್ಟಿದ ಮಗುವಿಗೆ ಹುಸೇನಪ್ಪ, ಹುಸೇನಮ್ಮ, ಮೌಲಪ್ಪ, ಲಾಲಪ್ಪ, ಫಕೀರಪ್ಪ ಎಂದು ಹೆಸರಿಡುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹುಸೇನಪ್ಪ ನಾಯಕನ ಹೆಸರು ಕಂಡು ಬೆಂಗಳೂರಿನವರು ಹುಬ್ಬೇರಿಸಬಹುದು, ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಈಗೀಗ ಈ ಹೆಸರುಗಳನ್ನು ಬದಲಿಸಿಕೊಳ್ಳಿ ಎನ್ನುವವರು, ಅಲಾಯಿಗೆ ಹೋಗಬೇಡಿ ಎನ್ನುವವರು ಎರಡೂ ಕಡೆ ಹುಟ್ಟಿಕೊಂಡಿದ್ದಾರೆ. ನಮ್ಮ ಹಿರಿಯರು ಕಟ್ಟಿದ್ದರಲ್ಲಿ ಅತ್ಯುತ್ತಮವಾದದ್ದನ್ನೇ ಅವರು ಒಡೆಯುತ್ತಿದ್ದಾರೆ. ಇದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೂ ಅಲಾಯಿಯನ್ನು ತೋರಿಸಿ ಸುಮ್ಮನಾಗಲಾರೆ. ರಾತ್ರಿಯೆಲ್ಲ ಹಲಗೆ ಬಾರಿಸಿದವನ ಮನೆಯಲ್ಲಿ ಮರುದಿನ ಊಟಕ್ಕೆ ಕೂರುವವರು ಎಷ್ಟು ಮಂದಿ? ಹಬ್ಬದ ಕೂಡುವಿಕೆ ದಿನದ ಬಾಳಿಗೆ ಇಳಿಯಬೇಕಾದರೆ ಅದಕ್ಕೆಂದೇ ಕಟ್ಟಿದ ಜಾಗಗಳು ಬೇಕು. ಪಂಡಿತ ತಾರಾನಾಥರು ಒಂದು ಶತಮಾನದ ಹಿಂದೆ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ತೆರೆದು ಹಿಂದೂ ಮುಸ್ಲಿಂ ಮಕ್ಕಳನ್ನು ಒಟ್ಟಿಗೆ ಕೂರಿಸಿದ್ದು ಇದಕ್ಕಾಗಿಯೇ. ಅವರ ಮಗ, ಸರೋದ್ ವಾದಕ ರಾಜೀವ ತಾರಾನಾಥರು ಮುಂದೆ ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು. ಅಮೆರಿಕದ ಶಿಷ್ಯರು ಅವರನ್ನು ಹುಡುಕಿ ಬಂದದ್ದು ಸಂಗೀತಕ್ಕಾಗಿ, ಕುಲ ಕೇಳಿಕೊಂಡಲ್ಲ.

ನಮ್ಮ ಸರ್ಕಾರ ಮಾಡುತ್ತಿರುವುದು ಇದಕ್ಕೆ ಉಲ್ಟಾ. ಜಾತಿಗೊಂದು ಸಮುದಾಯ ಭವನಕ್ಕೆ ಅನುದಾನ ಕೊಡುತ್ತದೆ, ಶಾಸಕರು ಬಂದು ಭೂಮಿಪೂಜೆ ಮಾಡುತ್ತಾರೆ, ಗೋಡೆಯ ಮೇಲೆ ಆ ಜಾತಿಯ ಹೆಸರು ಬೀಳುತ್ತದೆ. ನಮ್ಮೆಲ್ಲರ ತೆರಿಗೆಯಿಂದ ನಮ್ಮನ್ನೇ ಬೇರೆ ಬೇರೆ ಚಪ್ಪರದಡಿ ಕೂರಿಸುವ ಕೆಲಸವಿದು. ಸರ್ಕಾರದ ಒಂದು ರೂಪಾಯಿ ಬಿದ್ದ ಭವನವೂ ಎಲ್ಲ ಜಾತಿಯವರ ಮದುವೆಗೆ ಒಂದೇ ಬಾಡಿಗೆಯಲ್ಲಿ ಸಿಗಬೇಕು. ಯಾರಿಗೆ ಕೊಟ್ಟರು, ಯಾರಿಗೆ ಇಲ್ಲವೆಂದರು ಎಂಬ ದಾಖಲೆ ಗ್ರಾಮಸಭೆಯ ಮುಂದೆ ಬರಬೇಕು. ಮುಂದಿನ ಅನುದಾನ ಮಾನ್ವಿಯಲ್ಲಿ, ದೇವದುರ್ಗದಲ್ಲಿ ಎಲ್ಲ ಕೇರಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವ ಹಾಸ್ಟೆಲುಗಳಿಗೆ ಹೋಗಬೇಕು. ಊರಿಗೊಂದೇ ಸ್ಮಶಾನವಿರಬೇಕು, ಅದಕ್ಕೆ ಕೇರಿಯಿಂದಲೂ ಊರಿನಿಂದಲೂ ಒಂದೇ ರಸ್ತೆ ಇರಬೇಕು.